ಕಾರು ಬೇಡ, ಮನೆ ಬೇಕೆಂದ ಎಡಗೈ

2017ರ ಜುಲೈ ಕೊನೆ. ಲಾರ್ಡ್ಸ್ ಅಂಗಳದಲ್ಲಿ ವಿಶ್ವಕಪ್ ಫೈನಲ್ ಸೋತು ಬಂದ ಭಾರತದ ಹೆಣ್ಣುಮಕ್ಕಳ ಕ್ರಿಕೆಟ್ ತಂಡವನ್ನು ದೇಶ ಗೆದ್ದವರಂತೆಯೇ ಎದುರುಗೊಳ್ಳುತ್ತಿದ್ದ ದಿನಗಳವು. ಬಬಲೇಶ್ವರದ ಶಾಸಕರೂ ಆಗಿನ ಜಲಸಂಪನ್ಮೂಲ ಸಚಿವರೂ ಆಗಿದ್ದ ಎಂ.ಬಿ. ಪಾಟೀಲರು ತಮ್ಮ ವಿಜಯಪುರ ಜಿಲ್ಲೆಯ ಆಟಗಾರ್ತಿಗೆ 5 ಲಕ್ಷ ರೂಪಾಯಿಯ ಕಾರು ಕೊಡುವುದಾಗಿ ಹೇಳಿದರು. ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ ಅದನ್ನು ನಯವಾಗಿ ಬೇಡವೆಂದರು. ತನಗೆ ಕಾರಿಗಿಂತ ಮನೆಯವರಿಗೊಂದು ಸೂರು ಮುಖ್ಯ, ಕೊಡುವುದಾದರೆ ಮನೆ ಕೊಡಿ ಎಂದು ಕೇಳಿದರು.

ಆ ಸುದ್ದಿಯನ್ನು ಊರಲ್ಲಿ ಹಲವರು ವಿನಯದ ಕಥೆಯಾಗಿ ಹೇಳಿಕೊಂಡರು. ನನಗೆ ಅದರಲ್ಲಿ ಕಂಡದ್ದು ವಿನಯಕ್ಕಿಂತ ಲೆಕ್ಕ. ದುಡಿಯುವವರ ಲೆಕ್ಕ. 26 ವರ್ಷದ ಹೆಣ್ಣುಮಗಳು, ಮೂರೂವರೆ ವರ್ಷದಿಂದ ದೇಶದ ಜೆರ್ಸಿ ತೊಟ್ಟವಳು, ಹದಿನೈದು ದಿನದ ಹಿಂದಷ್ಟೇ ಡರ್ಬಿಯಲ್ಲಿ ಒಂದೇ ಪಂದ್ಯಕ್ಕೆ ಐದು ವಿಕೆಟ್ ಕಿತ್ತವಳು. ಆದರೂ ಅವಳ ಮನದಲ್ಲಿದ್ದದ್ದು ಬಾಡಿಗೆಯಿಲ್ಲದ ಒಂದು ಮನೆ. ಆಟ ಅವಳಿಗೆ ಕೀರ್ತಿ ಆಗುವ ಮೊದಲೇ ಕಸುಬಾಗಿತ್ತು. ಈ ಬರಹ ಆ ಕಸುಬಿನ ಬಗ್ಗೆ.

ಇಂಗ್ಲಿಷಿನಲ್ಲಿ 'ಜರ್ನಿಮನ್' ಎಂಬ ಮಾತಿದೆ. ಕೇಳಿದರೆ ಪ್ರಯಾಣ ನೆನಪಾಗುತ್ತದೆ, ಮೂಲ ಮಾತ್ರ ಫ್ರೆಂಚಿನ ದಿನಗೂಲಿಯ ಪದ. ಒಂದು ದಿನದ ಕೆಲಸ, ಒಂದು ದಿನದ ಕೂಲಿ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಈ ಮಾತು ಬಹಳ ಬಳಕೆಯಲ್ಲಿದೆ. ಮೇಲಿನ ಎನ್‌ಎಚ್‌ಎಲ್‌ನಲ್ಲಿ 32 ತಂಡ, ಅದರ ಕೆಳಗೆ ಎಎಚ್‌ಎಲ್, ಇನ್ನೂ ಕೆಳಗೆ ಇಸಿಎಚ್‌ಎಲ್. ಮುಂಪಡೆಯ ಆಟಗಾರರು ಮೂವರು ಮೂವರಂತೆ ನಾಲ್ಕು ಸಾಲು. ಒಂದು ಸಾಲು ಮುಕ್ಕಾಲು ನಿಮಿಷ ಜೀವ ಒತ್ತೆಯಿಟ್ಟು ಆಡಿ ಬೆಂಚಿಗೆ ಬರುತ್ತದೆ, ಇನ್ನೊಂದು ಜಿಗಿಯುತ್ತದೆ. ನಾಲ್ಕನೆಯ ಸಾಲಿನವನ ಪಾಲಿಗೆ ಗೋಲು ಕಡಿಮೆ, ತಡೆಯುವ, ಡಿಕ್ಕಿ ತಿನ್ನುವ ಕೆಲಸ ಹೆಚ್ಚು. ಮೇಲಿನ ತಂಡದಲ್ಲಿ ಒಬ್ಬ ಗಾಯಗೊಂಡರೆ ಕೆಳಗಿನವನಿಗೆ ಕರೆ ಬರುತ್ತದೆ, ಅವನು ಗುಣವಾದರೆ ಇವನು ವಾಪಸು. ಹೀಗೆ ಊರೂರು ತಿರುಗಿ, ಪೆಟ್ಟಿಗೆ ಬಿಚ್ಚುವ ಮೊದಲೇ ಮತ್ತೆ ಕಟ್ಟಿ, ಹನ್ನೆರಡು ಹದಿನೈದು ವರ್ಷ ಆಡಿ ಮುಗಿಸಿದವನೇ ಅವರ ಜರ್ನಿಮನ್.

ವಿಜಯಪುರದವರಿಗೆ ಇದನ್ನು ಬಹಳ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಗೋವಾ, ಪುಣೆ, ಮುಂಬೈಗೆ ಗುಳೆ ಹೋದವರ ಜಿಲ್ಲೆ ಇದು. ನಮ್ಮ ಜಾತ್ರೆಗಳ ಜಂಗೀ ನಿಕಾಲಿ ಕುಸ್ತಿಗೆ ಬರುವ ಪೈಲವಾನರನ್ನು ನೋಡಿ. ಕಡೇ ಜೋಡಿಯ ಹೆಸರು ಪೋಸ್ಟರಿನಲ್ಲಿ ದೊಡ್ಡದಾಗಿ ಇರುತ್ತದೆ, ಬೆಳ್ಳಿ ಕಡಗ ಅವರಿಗೇ. ಆದರೆ ಮಧ್ಯಾಹ್ನದ ಬಿಸಿಲಿನಿಂದ ಸಂಜೆಯವರೆಗೆ ಕಣ ಹಿಡಿದು ಕೂರಿಸುವವರು ನಡುವಿನ ಜೋಡಿಗಳು: ಈ ವಾರ ಇಲ್ಲಿ, ಮುಂದಿನ ವಾರ ಗಡಿಯಾಚೆ. ಅವರಿಲ್ಲದೆ ಕುಸ್ತಿ ಕಣ ನಡೆಯುವುದಿಲ್ಲ.

ರಾಜೇಶ್ವರಿ ಹುಟ್ಟಿದ್ದು 1991ರ ಜೂನ್ 1ರಂದು, ಆಗಿನ ಬಿಜಾಪುರದಲ್ಲಿ. ತಂದೆ ಶಾಲಾ ಶಿಕ್ಷಕರು. ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕಳಿಸುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಅವರು ಮಕ್ಕಳನ್ನು ಆಟಕ್ಕೆ ಹಚ್ಚಿದರು. ಈ ಊರಿನಲ್ಲಿ ಕ್ರೀಡೆ ಎಂದರೆ ಮೊದಲು ನೆನಪಾಗುವುದು ಸೈಕಲ್ಲು. ಬೆಳಗಿನ ಜಾವ ಸೋಲಾಪುರ ರಸ್ತೆಯಲ್ಲೋ, ತಿಕೋಟಾ ದಾಟಿ ಅಥಣಿ ಕಡೆಗೋ, ಬಬಲೇಶ್ವರದ ಮೇಲೆ ಜಮಖಂಡಿ ಕಡೆಗೋ ಹೋಗುವವರಿಗೆ ತಲೆ ಬಗ್ಗಿಸಿ ಪೆಡಲು ತುಳಿಯುವ ಹುಡುಗ ಹುಡುಗಿಯರು ಎದುರಾಗುತ್ತಾರೆ. ಎಡಬಲಕ್ಕೆ ಜೋಳದ ಹೊಲ, ದ್ರಾಕ್ಷಿ ಚಪ್ಪರ, ಒಣದ್ರಾಕ್ಷಿಯ ಶೆಡ್ಡು. ಅವರಲ್ಲಿ ಬಹುಪಾಲು ಮಕ್ಕಳ ಮನೆಯ ಆಸೆ ಒಲಿಂಪಿಕ್ಸ್ ಅಲ್ಲ. ಸೈಕಲ್ ತುಳಿದು ರೈಲ್ವೆಯಲ್ಲೋ ಸೇನೆಯಲ್ಲೋ ಒಂದು ನೌಕರಿ ಹಿಡಿಯಲಿ ಎಂಬುದು. ಇದನ್ನು ಸಣ್ಣ ಆಸೆ ಎನ್ನುವವರಿಗೆ ಬರಗಾಲದ ಮನೆಯಲ್ಲಿ ತಿಂಗಳ ಸಂಬಳ ಎಂದರೇನು ಎಂಬುದು ಗೊತ್ತಿಲ್ಲ.

ಕ್ರಿಕೆಟ್‌ಗೆ ಇಲ್ಲಿ ಅಂಥ ಬೇರು ಇರಲಿಲ್ಲ. ಕರ್ನಾಟಕದ ಮಹಿಳಾ ಕ್ರಿಕೆಟ್ ಎಂದರೆ ಬೆಂಗಳೂರು. ಇಲ್ಲಿಂದ ಐನೂರು ಕಿಲೋಮೀಟರಿಗೂ ಆಚೆ, ಒಂದಿಡೀ ರಾತ್ರಿಯ ದಾರಿ. ಮುಂದೆ ಕೆಪಿಎಲ್‌ನಲ್ಲಿ ಬಿಜಾಪುರ ಬುಲ್ಸ್ ಎಂಬ ಗಂಡಸರ ತಂಡ 2015 ಮತ್ತು 2018ರಲ್ಲಿ ಕಪ್ಪು ಗೆದ್ದಾಗ ಊರು ಸಂಭ್ರಮಿಸಿತು, ನಿಜ. ಆದರೆ ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ. ಊರಿನ ಹೆಸರು ಪ್ರಯಾಣ ಮಾಡಿತು, ಊರಿಗೆ ಆಟ ಬರಲಿಲ್ಲ. ಇಂಥ ಊರಿನಿಂದ ಒಬ್ಬ ಹುಡುಗಿ ಎಡಗೈ ಸ್ಪಿನ್ ಕಲಿತು ಕರ್ನಾಟಕ ತಂಡಕ್ಕೆ, ಅಲ್ಲಿಂದ ಭಾರತ ತಂಡಕ್ಕೆ ಹೋದಳು ಎಂಬುದೇ ನನಗೆ ಐದು ವಿಕೆಟ್‌ಗಿಂತ ದೊಡ್ಡ ಸಂಗತಿ.

2014ರ ಜನವರಿ 19ರಂದು ವಿಶಾಖಪಟ್ಟಣದಲ್ಲಿ ಶ್ರೀಲಂಕಾ ವಿರುದ್ಧ ಮೊದಲ ಏಕದಿನ ಪಂದ್ಯ. ಅದೇ ವಾರ ವಿಜಯನಗರಂನಲ್ಲಿ ಮೊದಲ ಟಿ20. ಅದಾಗಿ ಬಹಳ ದಿನ ಕಳೆಯುವ ಮೊದಲೇ, ಅದೇ ವರ್ಷ, ತಂದೆ ತೀರಿಕೊಂಡರು. ಮಗಳು ದೇಶಕ್ಕೆ ಆಡಿದ್ದನ್ನು ನೋಡಿದರು, ಆಟ ಮನೆ ನಡೆಸುವುದನ್ನು ನೋಡಲಿಲ್ಲ. ಆ ಹೊತ್ತಿಗೆ ಮನೆಯ ಜವಾಬ್ದಾರಿ ಅವಳ ಹೆಗಲಿಗೆ ಬಂದಿತ್ತು.

ಆ ವರ್ಷದ ನವೆಂಬರ್ 1ಕ್ಕೆ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಎರಡು ವಾರ ಕಳೆದು, ನವೆಂಬರ್ 16ಕ್ಕೆ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್ ಶುರು. ಬಿಜಾಪುರದ ಹುಡುಗಿಯಾಗಿ ಏಕದಿನಕ್ಕೆ ಕಾಲಿಟ್ಟವಳು ವಿಜಯಪುರದವಳಾಗಿ ಟೆಸ್ಟ್ ಆಡಿದಳು, ಅದೂ ಕನ್ನಡದ ನೆಲದಲ್ಲಿ. ತಿರುಷ್ ಕಾಮಿನಿ 192, ಪೂನಂ ರಾವುತ್ 130 ಹೊಡೆದ, ಹರ್ಮನ್‌ಪ್ರೀತ್ ಕೌರ್ ಒಂಬತ್ತು ವಿಕೆಟ್ ಪಡೆದ ಆ ಪಂದ್ಯವನ್ನು ಭಾರತ ಇನಿಂಗ್ಸ್ ಮತ್ತು 34 ರನ್‌ಗಳಿಂದ ಗೆದ್ದಿತು.

ಅವಳ ಎರಡನೆಯ ಟೆಸ್ಟ್ 2021ರಲ್ಲಿ. ಹತ್ತಿರ ಹತ್ತಿರ ಏಳು ವರ್ಷ! ಇದು ಅವಳೊಬ್ಬಳ ದುರದೃಷ್ಟವಲ್ಲ. ಮೈಸೂರಿನ ಬಳಿಕ ಏಳು ವರ್ಷಗಳ ಹತ್ತಿರ ಭಾರತದ ಹೆಣ್ಣುಮಕ್ಕಳಿಗೆ ಒಂದೇ ಒಂದು ಟೆಸ್ಟ್ ಇರಲಿಲ್ಲ. 2021ರಲ್ಲಿ ಬ್ರಿಸ್ಟಲ್‌ನಲ್ಲಿ ಒಂದು, ಆಸ್ಟ್ರೇಲಿಯಾದ ಕರಾರಾದಲ್ಲಿ ಒಂದು ನಡೆದವು, ಮೊದಲನೆಯದರಲ್ಲಿ ಅವಳಿಗೆ ಜಾಗ ಸಿಗಲಿಲ್ಲ, ಎರಡನೆಯದರಲ್ಲಿ ಸಿಕ್ಕಿತು. ಬಿತ್ತಿದ ಮೇಲೆ ಏಳು ವರ್ಷ ಮಳೆಗೆ ಕಾದ ಹಾಗೆ.

ಅವಳ ಕೈಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಡಗೈ ಸ್ಪಿನ್ನರ್ ಬೆರಳಿನಿಂದ ತಿರುಗಿಸಿದ ಚೆಂಡು ಬಲಗೈ ಬ್ಯಾಟರ್‌ನಿಂದ ಹೊರಗೆ ಸರಿಯುತ್ತದೆ. ಅದೇ ಓಟ, ಅದೇ ಕೈಯ ಬೀಸು, ಆದರೆ ತಿರುವಿಲ್ಲದೆ ಕೈಯ ಜಾಡಿನಲ್ಲೇ ಒಳನುಗ್ಗುವ ಚೆಂಡಿಗೆ ಆರ್ಮ್ ಬಾಲ್ ಎನ್ನುತ್ತಾರೆ. ಆಟವೆಲ್ಲ ಈ ಎರಡರ ನಡುವಿನ ಸಂಶಯದ ಮೇಲೆ ನಿಂತಿದೆ. ಐದು ಚೆಂಡು ಹೊರಗೆ ಹೋದವು, ಆರನೆಯದೂ ಹೋಗುತ್ತದೆಂದು ಬ್ಯಾಟ್ ಆ ಕಡೆ ಬಾಗಿದ ಕ್ಷಣಕ್ಕೆ ಚೆಂಡು ಪ್ಯಾಡಿಗೋ ಕಂಬಕ್ಕೋ ಬಡಿಯುತ್ತದೆ. ಮಹಿಳಾ ಕ್ರಿಕೆಟ್‌ನ ಚೆಂಡು ಗಂಡಸರದಕ್ಕಿಂತ ಹಗುರ, 140ರಿಂದ 151 ಗ್ರಾಂ. ಹೊಡೆದ ಚೆಂಡು ದೂರ ಹೋಗಬೇಕಾದರೆ ವೇಗ ಬೌಲರ್ ಕೊಟ್ಟ ವೇಗವೂ ನೆರವಾಗಬೇಕು. ಆ ವೇಗವನ್ನೇ ಕೊಡದಿದ್ದರೆ? ಅದಕ್ಕೇ ಫೀಲ್ಡರ್‌ಗಳು ಒಳವೃತ್ತದಲ್ಲಿ ನಿಂತಿರುವ ಪವರ್‌ಪ್ಲೇಯಲ್ಲೂ ನಾಯಕಿಯರು ಸ್ಪಿನ್ನರ್ ಕೈಗೆ ಚೆಂಡು ಕೊಡುತ್ತಾರೆ. ಹೊಸ ಚೆಂಡು, ಖಾಲಿ ಬೌಂಡರಿ, ಕೆರಳಿದ ಬ್ಯಾಟರ್. ಅಲ್ಲಿ ಓವರಿಗೆ ಮೂರೋ ನಾಲ್ಕೋ ರನ್ ಕೊಟ್ಟು ಬರುವುದು ಹೆಡ್‌ಲೈನ್ ಆಗುವುದಿಲ್ಲ. ಆ ಬಿಗಿಯಿಂದ ಉಸಿರು ಕಟ್ಟಿದ ಬ್ಯಾಟರ್ ಆಚೆ ತುದಿಯ ಬೌಲರ್‌ಗೆ ಔಟಾಗುತ್ತಾಳೆ, ಹೆಸರು ಆ ಬೌಲರ್‌ಗೆ ಬರುತ್ತದೆ. ನಾಲ್ಕನೆಯ ಸಾಲಿನ ಕೆಲಸ ಎಂದರೆ ಇದೇ.

ಈ ಕೆಲಸಕ್ಕೆ ತಂಡದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕುರ್ಚಿ. ಅದೇ ಕುರ್ಚಿಗೆ ಅಲ್ಮೋರಾದ ಏಕ್ತಾ ಬಿಷ್ಟ್ ಕೂಡ ಇದ್ದರು. ಇಬ್ಬರದೂ ಎಡಗೈ ಸ್ಪಿನ್, ಇಬ್ಬರಿಗೂ ರೈಲ್ವೆ ನೌಕರಿ. 2017ರ ವಿಶ್ವಕಪ್‌ನಲ್ಲಿ ಜುಲೈ 2ರಂದು ಡರ್ಬಿಯಲ್ಲಿ ಪಾಕಿಸ್ತಾನ 74ಕ್ಕೆ ಕುಸಿದಾಗ ಏಕ್ತಾ 18 ರನ್ ಕೊಟ್ಟು ಐದು ವಿಕೆಟ್ ಪಡೆದಿದ್ದರು. ರಾಜೇಶ್ವರಿ ಆಗ ಬೆಂಚಿನ ಮೇಲೆ. ಹದಿಮೂರು ದಿನ ಕಳೆದು, ಜುಲೈ 15ಕ್ಕೆ, ಅದೇ ಡರ್ಬಿ. ನ್ಯೂಜಿಲೆಂಡ್ ವಿರುದ್ಧ ಗೆದ್ದರೆ ಸೆಮಿಫೈನಲ್, ಸೋತರೆ ಮನೆ. ಏಕ್ತಾ ಹೊರಗೆ, ರಾಜೇಶ್ವರಿ ಒಳಗೆ. ಟೂರ್ನಿಯಲ್ಲಿ ಅವಳಿಗೆ ಅದೇ ಮೊದಲ ಪಂದ್ಯ. ಮಿಥಾಲಿ ರಾಜ್ 109 ಹೊಡೆದು ಭಾರತ 265 ಮಾಡಿತ್ತು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ರಾಜೇಶ್ವರಿ 7.3 ಓವರ್, 15 ರನ್, 5 ವಿಕೆಟ್.

ಮೂರು ವಾರ ಬರೀ ನೆಟ್ಸ್‌ನಲ್ಲಿ ಬೌಲ್ ಮಾಡಿ, ನೀರಿನ ಬಾಟಲಿ ಹೊತ್ತು, ಕರೆ ಬಂದ ದಿನ ಕೈ ಹೀಗೆ ನಡೆಯಬೇಕಾದರೆ ಒಳಗೆ ಎಂಥ ಗಟ್ಟಿತನ ಇರಬೇಕು! ಏಕ್ತಾ ಬಗ್ಗೆಯೂ ನನಗೆ ಸಂಕಟವಿದೆ. ಐದು ವಿಕೆಟ್ ಕಿತ್ತವಳು ಎರಡು ವಾರಕ್ಕೆ ಬೆಂಚಿಗೆ ಬಂದಳು. ಅವರಿಬ್ಬರಲ್ಲಿ ಯಾರದ್ದೂ ತಪ್ಪಿಲ್ಲ. ಒಂದು ಕುರ್ಚಿಗೆ ಇಬ್ಬರು ಕಸುಬುದಾರರು, ಅಷ್ಟೇ.

ಫೈನಲ್ ಜುಲೈ 23ಕ್ಕೆ. ಇಂಗ್ಲೆಂಡ್ 228. ಭಾರತ 3 ವಿಕೆಟ್‌ಗೆ 191 ಇದ್ದಾಗ ಇಲ್ಲಿ ಟಿವಿ ಮುಂದೆ ಕೂತವರು ಗೆದ್ದೆವೆಂದೇ ಅಂದುಕೊಂಡಿದ್ದರು. ಉಳಿದ ಏಳು ವಿಕೆಟ್ 28 ರನ್‌ಗೆ ಹೋದವು. ಕೊನೆಯ ಬ್ಯಾಟರ್ ಆಗಿ ಬಂದ ರಾಜೇಶ್ವರಿಯ ಕಂಬವನ್ನು ಆನ್ಯಾ ಶ್ರಬ್‌ಸೋಲ್ ಕೆಡವಿದಾಗ ಇನ್ನೂ ಎಂಟು ಚೆಂಡು ಬಾಕಿ, 10 ರನ್ ಬೇಕು. ಶ್ರಬ್‌ಸೋಲ್‌ಗೆ ಅದು ಆರನೆಯ ವಿಕೆಟ್. ಆ ಕ್ಷಣದ ಚಿತ್ರದಲ್ಲಿ ಸೋಲಿನ ಮುಖವಾಗಿ ಉಳಿದವಳು ಹನ್ನೊಂದನೆಯವಳು. ಆ ಚಿತ್ರವನ್ನು ಎದೆಯಲ್ಲಿಟ್ಟುಕೊಂಡು ಬಂದವಳೇ ಕಾರು ಬೇಡ, ಮನೆ ಬೇಕು ಎಂದದ್ದು.

ರೈಲ್ವೆಯ ಮಾತನ್ನು ಬಿಟ್ಟರೆ ಈ ಕಥೆ ಅರ್ಧವಾಗುತ್ತದೆ. ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂದದ್ದು 2006ರಲ್ಲಿ. ಆಟಗಾರ್ತಿಯರಿಗೆ ವಾರ್ಷಿಕ ಒಪ್ಪಂದ ಎಂಬುದು ಶುರುವಾದದ್ದು 2015ರಲ್ಲಿ. ಅದಕ್ಕೂ ಮೊದಲು ಇವರ ಮನೆಗಳಲ್ಲಿ ಒಲೆ ಉರಿದದ್ದು ಬಹುಮಟ್ಟಿಗೆ ರೈಲ್ವೆ ಸಂಬಳದಿಂದ. 2017ರ ವಿಶ್ವಕಪ್‌ನ 15 ಮಂದಿಯಲ್ಲಿ ಹತ್ತು ಮಂದಿ ರೈಲ್ವೆ ನೌಕರರು. ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಇಬ್ಬರೂ ಅದರಲ್ಲಿದ್ದರು. ಫೈನಲ್ ಬಳಿಕ ಇಲಾಖೆ ಈ ಹತ್ತೂ ಮಂದಿಗೆ ತಲಾ 13 ಲಕ್ಷ ರೂಪಾಯಿ ಕೊಟ್ಟಿತು, ಬಿಸಿಸಿಐ ಪ್ರತಿಯೊಬ್ಬ ಆಟಗಾರ್ತಿಗೆ 50 ಲಕ್ಷ. ದೇಶೀಯ ಏಕದಿನ ಕಪ್ಪನ್ನು ರೈಲ್ವೆ ತಂಡ ಬೇರೆ ಯಾವ ತಂಡಕ್ಕಿಂತಲೂ ಹೆಚ್ಚು ಸಲ ಗೆದ್ದಿದೆ. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನೌಕರಿ ಸಿಗುವಲ್ಲಿ ಆಟಗಾರ್ತಿ ಇರುತ್ತಾಳೆ. ಕರ್ನಾಟಕ ಬೆಳೆಸಿದ ಬೌಲರ್ ಕರ್ನಾಟಕದ ಎದುರು ಬೌಲ್ ಮಾಡಬೇಕಾಗಿ ಬಂದದ್ದಕ್ಕೆ ಬೇಸರಿಸುವವರು, ರಾಜ್ಯ ಆಗ ಅವಳಿಗೆ ಯಾವ ನೌಕರಿ ಇಟ್ಟಿತ್ತು ಎಂದೂ ಕೇಳಿಕೊಳ್ಳಬೇಕು.

ಆಮೇಲಿನ ವರ್ಷಗಳು ಒಳಗೆ ಹೊರಗೆ, ಒಳಗೆ ಹೊರಗೆ. ಬರೋಡಾದಿಂದ ರಾಧಾ ಯಾದವ್ ಎಂಬ ಇನ್ನೊಬ್ಬ ಎಡಗೈ ಸ್ಪಿನ್ನರ್ ಬಂದರು, ವಯಸ್ಸಿನಲ್ಲಿ ಚಿಕ್ಕವರು, ಫೀಲ್ಡಿಂಗ್‌ನಲ್ಲಿ ಮಿಂಚು. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ 86,174 ಪ್ರೇಕ್ಷಕರ ಎದುರು ಟಿ20 ವಿಶ್ವಕಪ್ ಫೈನಲ್ ನಡೆದಾಗ ಹನ್ನೊಂದರಲ್ಲಿ ರಾಜೇಶ್ವರಿ, ವೇದಾ ಇಬ್ಬರೂ ಇದ್ದರು. ಆಸ್ಟ್ರೇಲಿಯಾ 85 ರನ್‌ಗಳಿಂದ ಗೆದ್ದಿತು. ಎರಡನೆಯ ಫೈನಲ್, ಎರಡನೆಯ ಸೋಲು. ಅದೇ ನವೆಂಬರ್‌ನಲ್ಲಿ ಶಾರ್ಜಾದಲ್ಲಿ ಟ್ರೇಲ್‌ಬ್ಲೇಜರ್ಸ್ ಪರ ಆಡಿ ಮಹಿಳಾ ಟಿ20 ಚಾಲೆಂಜ್ ಗೆದ್ದರು.

ನನ್ನ ಮಟ್ಟಿಗೆ ಅವಳ ಕಸುಬು ಪೂರ್ತಿ ಪಕ್ವವಾಗಿ ಕಂಡದ್ದು 2021ರ ಮಾರ್ಚ್‌ನಲ್ಲಿ. ಕೊರೊನಾದ ಒಂದು ವರ್ಷದ ಬಿಡುವಿನ ನಂತರ ಲಖನೌದಲ್ಲಿ ದಕ್ಷಿಣ ಆಫ್ರಿಕಾ ಎದುರು ಭಾರತ ಏಕದಿನ ಸರಣಿಯನ್ನು 1-4ರಿಂದ ಸೋತಿತು. ತಂಡದ ಲಯವೇ ತಪ್ಪಿದ್ದ ಆ ಸರಣಿಯಲ್ಲಿ ಎಂಟು ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದವಳು ಈಕೆ. ಕೊನೆಯ ಟಿ20ಯಲ್ಲಿ ನಾಲ್ಕು ಓವರಿಗೆ 9 ರನ್, 3 ವಿಕೆಟ್. ಐಸಿಸಿಯ ತಿಂಗಳ ಆಟಗಾರ್ತಿ ಪಟ್ಟಕ್ಕೆ ಹೆಸರಿಸಿದ ಮೂವರಲ್ಲಿ ಒಬ್ಬಳು. 2022ರ ಮಾರ್ಚ್ 6ಕ್ಕೆ ನ್ಯೂಜಿಲೆಂಡ್‌ನ ಮೌಂಟ್ ಮಾಂಗನೂಯಿಯಲ್ಲಿ ಪಾಕಿಸ್ತಾನ ವಿರುದ್ಧ ವಿಶ್ವಕಪ್‌ನ ಮೊದಲ ಪಂದ್ಯ: 31 ರನ್‌ಗೆ 4 ವಿಕೆಟ್. ಆ ವರ್ಷದ ಬಿಸಿಸಿಐ ಪಟ್ಟಿಯಲ್ಲಿ ಅವಳು ಎ ದರ್ಜೆಗೆ ಏರಿದಳು. ವರ್ಷಕ್ಕೆ 50 ಲಕ್ಷ ರೂಪಾಯಿಯ ಆ ಸಾಲಿನಲ್ಲಿ ಹರ್ಮನ್‌ಪ್ರೀತ್, ಸ್ಮೃತಿ ಮಂದಾನ ಪಕ್ಕದಲ್ಲಿ ವಿಜಯಪುರದ ಹೆಸರು.

ಆ ಸೆಪ್ಟೆಂಬರ್ 24ಕ್ಕೆ ಮತ್ತೆ ಲಾರ್ಡ್ಸ್. ವೇಗದ ಬೌಲರ್ ಜೂಲನ್ ಗೋಸ್ವಾಮಿಯ ಕೊನೆಯ ಪಂದ್ಯ. ಭಾರತ ಮಾಡಿದ್ದು ಬರೀ 169. ಇಂಗ್ಲೆಂಡ್ 153ಕ್ಕೆ ಮುಗಿಯಿತು. ರಾಜೇಶ್ವರಿಗೆ ಎರಡು ವಿಕೆಟ್. ಐದು ವರ್ಷದ ಹಿಂದೆ ಕಂಬ ಉರುಳಿಸಿಕೊಂಡು ನಡೆದುಹೋದ ಅದೇ ಹುಲ್ಲಿನ ಮೇಲೆ ಗೆದ್ದ ತಂಡದವಳಾಗಿ ಕೈ ಕುಲುಕುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ಸಿಲ್ಹೆಟ್‌ನ ಏಷ್ಯಾ ಕಪ್ ಫೈನಲ್‌ನಲ್ಲೂ ಎರಡು ವಿಕೆಟ್. ಶ್ರೀಲಂಕಾ 65 ರನ್‌ಗೆ ಸೀಮಿತವಾಯಿತು. ಅದೇ ತಿಂಗಳು ಬಿಸಿಸಿಐ ಪಂದ್ಯದ ಸಂಭಾವನೆಯನ್ನು ಗಂಡಸರಿಗೆ ಸಮ ಮಾಡಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. 2023ರ ಫೆಬ್ರುವರಿಯ ಮೊದಲ ಡಬ್ಲ್ಯುಪಿಎಲ್ ಹರಾಜಿನಲ್ಲಿ ಸ್ಮೃತಿ 3.4 ಕೋಟಿಗೆ ಬೆಂಗಳೂರಿಗೆ ಹೋದರೆ, ರಾಜೇಶ್ವರಿಯನ್ನು ಯುಪಿ ವಾರಿಯರ್ಸ್ 40 ಲಕ್ಷಕ್ಕೆ ಕೊಂಡಿತು. ಆ ವೇಳೆಗೆ ಅವಳ ವಯಸ್ಸು 31. ಹಣ ಆಟಕ್ಕೆ ಬಂದದ್ದು ಅವಳು ಅರ್ಧಕ್ಕಿಂತ ಹೆಚ್ಚು ದಾರಿ ಸವೆಸಿದ ಮೇಲೆ. ಅವಳಿಗಿಂತ ಹತ್ತು ವರ್ಷ ಮೊದಲು ಹುಟ್ಟಿದವರಿಗೆ ಅಷ್ಟೂ ಸಿಗಲಿಲ್ಲ ಎಂಬುದನ್ನೂ ಮರೆಯಬಾರದು.

2023ರ ಡಿಸೆಂಬರ್‌ನಲ್ಲಿ ಟೆಸ್ಟ್‌ನ ಬಾಗಿಲು ಮತ್ತೆ ತೆರೆಯಿತು. ನವಿ ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ 347 ರನ್‌ಗಳ ಗೆಲುವು, ವಾಂಖೆಡೆಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಎಂಟು ವಿಕೆಟ್‌ಗಳ ಗೆಲುವು. ಆರು ತಿಂಗಳಿಗೆ ಚೆನ್ನೈಯಲ್ಲಿ ಮತ್ತೆ ದಕ್ಷಿಣ ಆಫ್ರಿಕಾ. ಫಾಲೋ ಆನ್‌ಗೆ ಒಳಗಾದ ಆ ತಂಡ ಎರಡನೆಯ ಸರದಿಯಲ್ಲಿ 150ಕ್ಕೂ ಹೆಚ್ಚು ಓವರ್ ಹಟ ಹಿಡಿದು ನಿಂತಾಗ, ಜೂನ್ ಕೊನೆಯ ಚೆನ್ನೈ ಸೆಕೆಯಲ್ಲಿ ಒಂದು ತುದಿ ಹಿಡಿದು ಬೌಲ್ ಮಾಡುವ ಕೆಲಸದಲ್ಲಿ ಅವಳದೂ ಪಾಲಿತ್ತು. ಭಾರತ ಹತ್ತು ವಿಕೆಟ್‌ಗಳಿಂದ ಗೆದ್ದಿತು. ಮೈಸೂರು, ಕರಾರಾ, ನವಿ ಮುಂಬೈ, ಮುಂಬೈ, ಚೆನ್ನೈ: ಹತ್ತು ವರ್ಷಗಳಲ್ಲಿ ಐದು ಟೆಸ್ಟ್, ನಾಲ್ಕರಲ್ಲಿ ಗೆಲುವು.

ಏಕದಿನದ ಖಾತೆಯಲ್ಲಿ ಇನ್ನೊಂದು ಸಂಖ್ಯೆ ಇದೆ. 64 ಪಂದ್ಯ, 99 ವಿಕೆಟ್. ಅವಳಿಗಿಂತ ಮೊದಲು ಕರ್ನಾಟಕ ಮತ್ತು ರೈಲ್ವೆ ಎರಡಕ್ಕೂ ಆಡಿದ ಆಫ್ ಸ್ಪಿನ್ನರ್ ನೂಷಿನ್ ಅಲ್ ಖದೀರ್ ಸರಿಯಾಗಿ 100ಕ್ಕೆ ನಿಂತರು. ಏಕ್ತಾ ಬಿಷ್ಟ್ 98ಕ್ಕೆ. ಡರ್ಬಿಯಲ್ಲಿ ಒಂದೇ ಕುರ್ಚಿ ಹಂಚಿಕೊಂಡ ಇಬ್ಬರ ನಡುವೆ ಒಂದೇ ಒಂದು ವಿಕೆಟ್ ಅಂತರ. ನೂರಕ್ಕೆ ಮಾತ್ರ ಕೇಕು ಕತ್ತರಿಸುವುದು ನಮ್ಮ ರೂಢಿ. ನಾನು ಮಾತ್ರ ಆ 99ನ್ನು ಕೊರತೆಯೆಂದು ಓದಲಾರೆ. ಅದರಲ್ಲಿ ಒಂದೊಂದೂ, ತಂಡದಲ್ಲಿ ನಾಳೆ ಜಾಗ ಇದೆಯೋ ಇಲ್ಲವೋ ಗೊತ್ತಿಲ್ಲದೆ ಇವತ್ತು ಬೌಲ್ ಮಾಡಿ ಗಳಿಸಿದ್ದು.

2025ರ ಮಾರ್ಚ್‌ನಲ್ಲಿ ಬಿಸಿಸಿಐ ಪ್ರಕಟಿಸಿದ ಒಪ್ಪಂದದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅದೇ ವರ್ಷ ನವೆಂಬರ್ 2ಕ್ಕೆ ನವಿ ಮುಂಬೈಯ ಡಿ.ವೈ. ಪಾಟೀಲ್ ಮೈದಾನದಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಕೊನೆಗೂ ವಿಶ್ವಕಪ್ ಎತ್ತಿತು. 2017ರಲ್ಲಿ ಹತ್ತು ರನ್‌ಗೆ ತಪ್ಪಿದ್ದು, 2020ರಲ್ಲಿ ಮೆಲ್ಬರ್ನ್‌ನಲ್ಲಿ ತಪ್ಪಿದ್ದು, ಅವತ್ತು ಕೈಗೆ ಬಂತು. ಆ ಹನ್ನೊಂದರಲ್ಲಿ ಎಡಗೈ ಸ್ಪಿನ್ನರ್‌ಗಳು ಇಬ್ಬರು: ರಾಧಾ ಯಾದವ್, ಮತ್ತೆ ಕಡಪಾದ ಶ್ರೀ ಚರಣಿ. ಚರಣಿ ಭಾರತಕ್ಕೆ ಆಡಲು ಶುರುಮಾಡಿ ಇನ್ನೂ ವರ್ಷವಾಗಿರಲಿಲ್ಲ. ಚೆಂಡು ಹಿಡಿದು ನಾಲ್ಕು ಹೆಜ್ಜೆ ಓಡಿ ಬಂದು, ಬಲಗೈ ಬ್ಯಾಟರ್‌ನ ಕಾಲಿನ ಮುಂದೆ ಚೆಂಡು ಇಟ್ಟು ಎಲ್‌ಬಿಡಬ್ಲ್ಯು ಪಡೆದಳು. ತವರಿನ ಟೆಸ್ಟ್‌ಗಾಗಿ ಒಂಬತ್ತು ವರ್ಷ ಕಾದ ನಂತರ ವಿಜಯಪುರದ ಎಡಗೈ ಬಿಳಿ ಬಟ್ಟೆಯಲ್ಲಿ ಬೌಲ್ ಮಾಡಿದ್ದೂ ಅದೇ ಮೈದಾನದಲ್ಲಿ, ಅದಕ್ಕೆ ಎರಡು ವರ್ಷದ ಹಿಂದೆ.